ಯಾರೂ ಕೇಳದ ಹದಿನೇಳನೆಯ ಯಂತ್ರ

ಗದಗಿನ ಹೊರವಲಯದ ಸರ್ವರ್ ಭವನದಲ್ಲಿ ನಾಲ್ಕು ಸಾವಿರ ಯಂತ್ರಗಳಿದ್ದವು. ನೋಡಿಕೊಳ್ಳಲು ಮೂರೇ ಮಂದಿ. ಉಳಿದ ಕೆಲಸವೆಲ್ಲ ‘ಪಾಲಕ’ದ್ದು. 2068ರ ಆ ಬೆಳಿಗ್ಗೆಯೂ ಈ ತಂತ್ರಾಂಶ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಯಾವ ಸರ್ವರ್ ಬಿಸಿಯಾಗಿದೆ, ಯಾವುದರ ಡಿಸ್ಕ್ ಸವೆದಿದೆ, ಯಾವುದರ ಮೇಲೆ ಹೊರೆ ಹೆಚ್ಚಿದೆ ಎಂದು ಕ್ಷಣಕ್ಷಣಕ್ಕೂ ನೋಡಿ, ಯಂತ್ರಗಳನ್ನು ಗುಂಪು ಮಾಡಿ, ಒಂದರ ಕೆಲಸವನ್ನು ಇನ್ನೊಂದಕ್ಕೆ ಹಂಚುತ್ತಿತ್ತು. ಗೋಡೆಯಗಲದ ಪರದೆಯ ಮೇಲೆ ಎಲ್ಲವೂ ಹಸಿರು ಚುಕ್ಕೆಗಳೇ. ಕೆಂಪು ಚುಕ್ಕೆ ಒಂದೂ ಇರಲಿಲ್ಲ.

ಇಂಥ ತಂತ್ರಾಂಶಗಳು ಮೊದಲೂ ಇದ್ದವು. ಅವು ಕೆಟ್ಟದ್ದನ್ನು ತೋರಿಸಿ ಸುಮ್ಮನಾಗುತ್ತಿದ್ದವು. ಡಾ. ಅಂಬುಜಾ ಇಟಗಿ ರೂಪಿಸಿದ ಪಾಲಕ ಒಂದು ಹೆಜ್ಜೆ ಮುಂದೆ ಹೋಗಿ, ಬೇಡವಾದದ್ದನ್ನು ಗುರುತಿಸುತ್ತಿತ್ತು. ವರ್ಷಗಳ ದಾಖಲೆ ಓದಿ, ಯಾರೂ ಕೇಳದ ಸರ್ವರನ್ನು ‘ವಿಶ್ರಾಂತ’ ಎಂಬ ಗುಂಪಿಗೆ ಸೇರಿಸುತ್ತಿತ್ತು. ತೊಂಬತ್ತು ದಿನ ಯಾರೂ ವಿಚಾರಿಸದಿದ್ದರೆ ಅದರ ಮಾಹಿತಿಯನ್ನೂ ಆ ಮಾಹಿತಿಯ ನಕಲುಗಳನ್ನೂ ಅಳಿಸಿ, ಯಂತ್ರವನ್ನು ಗುಜರಿಗೆ ಕಳಿಸುತ್ತಿತ್ತು. ವಿದ್ಯುತ್ ಬಳಕೆ ಅರ್ಧಕ್ಕಿಳಿದಾಗ ಡಾಕ್ಟರಮ್ಮನಿಗೆ ಶಾಲು ಹೊದಿಸಿದ್ದೇ ಹೊದಿಸಿದ್ದು.

ಹತ್ತು ಗಂಟೆಗೆ ಭವನದ ಹಳೆಯ ತಂತ್ರಜ್ಞ ದ್ಯಾಮಣ್ಣ ಕಲಕೇರಿಗೆ ಊರಿನ ಆಸ್ಪತ್ರೆಯಿಂದ ಫೋನ್ ಬಂತು. ಶಹನಾಜ್ ಎಂಬ ಬಸ್ ಚಾಲಕಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಬಾಂಬೆ ಗುಂಪಿನ ರಕ್ತ. ಹತ್ತು ಸಾವಿರಕ್ಕೊಬ್ಬರಲ್ಲಿ ಸಿಗುವಂಥದು. ಆ ಗುಂಪಿನವರಿಗೆ ಬೇರೆ ಯಾವ ರಕ್ತವೂ ಒಗ್ಗುವುದಿಲ್ಲ.

“ನಿಮ್ದೂ ಅದೇ ಗುಂಪು ಅಂತ ಹಳೇ ಚೀಟಿಯೊಳಗ ಸಿಕ್ತ್ರಿ,” ಎಂದ ವೈದ್ಯ. “ಲಗೂನ ಬರ್ರಿ. ಇನ್ನೂ ನಾಕು ಮಂದಿ ಬೇಕು. ದಾನಿಗಳ ಪಟ್ಟಿ ತೆರೀವಲ್ದು.”

“ಅದು ಹದಿನೇಳರಾಗ ಐತ್ರಿ. ಈಗ ತಗಸ್ತೇನಿ, ತಡೀರಿ.”

ದ್ಯಾಮಣ್ಣ ಒಳಗೆ ಓಡಿದ. ಹದಿನೇಳನೆಯ ಯಂತ್ರವಿದ್ದ ಜಾಗ ಖಾಲಿಯಾಗಿತ್ತು. ಪಾಲಕ ಬಂದಮೇಲೆ, ವರ್ಷಕ್ಕೊಂದು ದಿನ ಬಿಟ್ಟರೆ, ಒಳಗೆ ಹೋಗಿ ನೋಡುವ ರೂಢಿಯೇ ತಪ್ಪಿತ್ತು, ಪರದೆ ಹಸಿರಾಗಿದ್ದರೆ ಸಾಕಾಗಿತ್ತು. ಪಾಲಕವನ್ನು ಕೇಳಿದ. ‘ಆ ಸಾಧನ ಪಟ್ಟಿಯಲ್ಲಿಲ್ಲ. ದೋಷಗಳು: ಸೊನ್ನೆ’ ಎಂದಿತು. ಇಲ್ಲದ ಯಂತ್ರ ಕೆಡುವುದಾದರೂ ಹೇಗೆ?

ಅವನು ಆಸ್ಪತ್ರೆಗೆ ಹೋಗಿ ಒಂದು ಬಾಟಲಿ ರಕ್ತ ಕೊಟ್ಟ. ಇನ್ನೊಂದು ತಗೊಳ್ಳಿ ಎಂದು ಜಗಳಕ್ಕೇ ಬಿದ್ದ, ಅವರು ಒಪ್ಪಲಿಲ್ಲ. ಹಿಂದೊಮ್ಮೆ ತನ್ನ ಪಕ್ಕದ ಮಂಚದಲ್ಲಿ ಮಲಗಿ ರಕ್ತ ಕೊಟ್ಟವನ ಮುಖ ನೆನಪಿತ್ತು. ಕೊಪ್ಪಳದ ಕಡೆಯವನು, ಹೋಟೆಲಿನವನು. ಹೆಸರು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ. ದೂರದ ರಕ್ತನಿಧಿಯೊಂದರಿಂದ ಎರಡು ಬಾಟಲಿ ಹೊರಟವು. ಅವು ತಲುಪುವ ಮೊದಲೇ, ಮಧ್ಯಾಹ್ನ ಮೂರಕ್ಕೆ, ಶಹನಾಜ್ ತೀರಿಕೊಂಡಳು.

ಹೊರಗೆ ಅವಳ ಗಂಡ ಕೂಸನ್ನೆತ್ತಿಕೊಂಡು ನಿಂತಿದ್ದ. “ನೀವರ ಬಂದ್ರೆಲ್ರಿ ಅಣ್ಣಾರ,” ಎಂದು ಕೈಮುಗಿಯಲು ನೋಡಿದ, ಕೂಸಿದ್ದರಿಂದ ಆಗಲಿಲ್ಲ. ಅವನು ಬೈದಿದ್ದರೆ ದ್ಯಾಮಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುವಾರ ಡಾ. ಇಟಗಿ ಧಾರವಾಡದಿಂದ ಬಂದು ದಾಖಲೆಗಳನ್ನು ತೆರೆದು ಕುಳಿತರು.

“ದ್ಯಾಮಣ್ಣಾರ, ಈ ಯಂತ್ರಾನ ವರ್ಷಕ್ಕ ಎರಡು ಮೂರು ಸಲ ಅಷ್ಟೇ ಕೇಳ್ಯಾರ. ಅದು ಇರಲಿ. ಪ್ರತಿ ವರ್ಷ ಒಂದು ದಿನ ಪೂರ್ತಿ ಬಂದ್ ಇತ್ತು. ಹನ್ನೊಂದು ವರ್ಷ ಹಂಗೇ ನಡದದ, ಒಂದು ದೂರೂ ಬಂದಿಲ್ಲ. ಏನಿದು?”

“ಖಂಡೇಪೂಜಿರಿ ಮೇಡಂ.”

ನವರಾತ್ರಿಯ ಆ ದಿನ ಕೆಲಸದ ಸಾಮಾನಿಗೆ ಬಿಡುವು ಕೊಟ್ಟು ಪೂಜಿಸಬೇಕು. ನಾಲ್ಕು ಸಾವಿರ ಸರ್ವರ್ ನಿಲ್ಲಿಸಲಾದೀತೆ? ಅದಕ್ಕೇ ದ್ಯಾಮಣ್ಣ ಎಲ್ಲದರ ಪರವಾಗಿ ಒಂದನ್ನು ಆರಿಸಿಕೊಂಡಿದ್ದ. ಜನರ ಜೀವ ಉಳಿಸುವ ಪಟ್ಟಿ, ತನ್ನ ಹೆಸರೂ ಇರುವ ಪಟ್ಟಿ ಹದಿನೇಳರಲ್ಲಿದೆಯೆಂದು ಅದನ್ನೇ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದ. ಆ ದಿನ ಯಾರಿಗೂ ತೊಂದರೆಯಾಗಬಾರದೆಂದು ಪಕ್ಕದ ಯಂತ್ರದಲ್ಲಿದ್ದ ನಕಲಿಗೆ ಕೈಯಾರೆ ತಂತಿ ಬದಲಿಸುತ್ತಿದ್ದ. ಯಂತ್ರ ನಿಂತದ್ದು ದಾಖಲಾಯಿತು, ತಂತಿ ಬದಲಿಸಿದ್ದು ದಾಖಲಾಗಲಿಲ್ಲ. ಇಡೀ ದಿನ ನಿಂತರೂ ಯಾರೂ ಕೇಳದ ಯಂತ್ರ ಯಾರಿಗೂ ಬೇಕಿಲ್ಲ ಎಂದು ಪಾಲಕ ತೀರ್ಮಾನಿಸಿತು. ಅವನ ಭಕ್ತಿಯೇ ಅದರ ಕುತ್ತಿಗೆಗೆ ಬಂದಿತ್ತು.

“ಹಂಗಾರ ಆಕೀನ್ನ ನಾನs ಕೊಂದೆ ಅನ್ರಿ.”

“ಹಂಗನ್ನಬ್ಯಾಡ್ರಿ. ಅಪರೂಪಕ್ಕ ಬೇಕಾಗೂದನ್ನ ಅಳಿಸಬಾರದು ಅಂತ ಹೊಸ ನಿಯಮ ಬರದು ಕೊಟ್ಟೆ. ಕರೆಂಟ್ ಜಾಸ್ತಿ ಆಗ್ತದ ಅಂತ ಮ್ಯಾಲಿನವರು ಒಲ್ಲೆ ಅಂದ್ರು.”

ಮ್ಯಾಲಿನವರು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಪೂಜೆಯ ಸಂಗತಿ ತಿಳಿದ ಮೇಲೆ, ಇನ್ನು ಮುಂದೆ ಭವನದಲ್ಲಿ ಪೂಜೆ ಮಾಡಕೂಡದೆಂದು ಸುತ್ತೋಲೆ ಕಳಿಸಿದರು.

“ಒಂದು ಕೇಳ್ತೇನ್ರಿ,” ಎಂದ ದ್ಯಾಮಣ್ಣ. “ಯಾರೂ ಕೇಳಲಾರದ್ದು ಬ್ಯಾಡಾದದ್ದು ಅಂತ ಅದಕ್ಕ ಕಲಿಸಿದವರು ಯಾರು?”

ಡಾ. ಇಟಗಿ ತೆರೆದಿದ್ದ ದಾಖಲೆಯನ್ನು ಮುಚ್ಚಿದರು. “ನಾ ಕಲಿಸಿಲ್ಲ. ನಲವತ್ತು ವರ್ಷದ ಹಿಂದಿನ ಆಡಳಿತದ ಕಡತ ಓದಲಿಕ್ಕೆ ಕೊಟ್ಟಿದ್ದೆ. ಶಾಣ್ಯಾ ಮಂದಿ ಹೆಂಗ ತೀರ್ಮಾನ ಮಾಡ್ತಾರ ನೋಡಿ ಕಲೀಲಿ ಅಂತ. ಓದಿ ತಾನೇ ಕಲೀತು.”

ಅವರು ಕಡತಗಳನ್ನು ಪರದೆಗೆ ತಂದರು. ಇಬ್ಬರೇ ಹತ್ತುವ ಬಸ್ಸು ರದ್ದು. ದಿನಕ್ಕೊಬ್ಬ ರೋಗಿ ಬರುವ ದವಾಖಾನೆ ಬಂದ್. ನಾಲ್ಕು ಮಂದಿ ಓದುವ ಗ್ರಂಥಾಲಯಕ್ಕೆ ಬೀಗ. ಎಲ್ಲದರ ಕೊನೆಗೂ ಒಂದೇ ಸಾಲು, ‘ಆಕ್ಷೇಪಣೆ ಇಲ್ಲ’. 2025ರ ಒಂದು ಪುಟ ಬಂದಾಗ ದ್ಯಾಮಣ್ಣ, “ತಡೀರಿ,” ಎಂದ. ಅದು ಅವನ ಊರಿನ ಶಾಲೆ. ಏಳೇ ಮಕ್ಕಳೆಂದು ಮುಚ್ಚಿದ್ದು.

ಆ ಏಳರಲ್ಲಿ ಅವನೂ ಒಬ್ಬ, ಮೂರನೇ ಇಯತ್ತೆ. ಆರು ಮಕ್ಕಳು ಟಂಟಂ ಹತ್ತಿ ಪಕ್ಕದೂರಿನ ದೊಡ್ಡ ಶಾಲೆಗೆ ಹೋದರು. ಅಲ್ಲಿ ಆಡಲು ಬಯಲಿತ್ತು, ಕಂಪ್ಯೂಟರ್ ಇತ್ತು, ಅವನಿಗೆ ಖುಷಿಯೇ ಆಗಿತ್ತು. ಏಳನೆಯವಳು ಕಾಲಿಲ್ಲದ ಹುಡುಗಿ. ಮನೆಯಿಂದ ಶಾಲೆಗೆ ಅವಳಜ್ಜಿ ಹೊತ್ತು ತರುತ್ತಿದ್ದಳು. ಟಂಟಂನವನು ಅವಳನ್ನು ಹತ್ತಿಸಿಕೊಳ್ಳಲಿಲ್ಲ, ಅವಳು ಮನೆಯಲ್ಲೇ ಉಳಿದಳು. ಮುಂದೆ ಏನಾದಳೋ, ಅವನು ಈ ತನಕ ಯಾರನ್ನೂ ವಿಚಾರಿಸಿರಲಿಲ್ಲ.

“ಆಕ್ಷೇಪಣೆ ಇಲ್ಲ ಅಂತ ಬರದಾರಲ್ರಿ,” ಎಂದ ದ್ಯಾಮಣ್ಣ, “ಅದು ಸುಳ್ಳಲ್ಲ ಮೇಡಂ. ಊರಾಗ ನಾವ್ಯಾರೂ ಏನೂ ಅನ್ಲಿಲ್ಲ.”