ಮೂರನೆಯ ಕೂಗಿನವರೆಗೆ

ಪಂಪ್ ಶೆಡ್ಡಿನ ಬಾಗಿಲು ತೆರೆದವಳು ಕೋರಾ. ಒಳಗೆ ಅವಳ ಅಣ್ಣ ವೆಂಡೆಲ್ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಉಸಿರು ಮಾತ್ರ ಇತ್ತು.

ಆಂಬುಲೆನ್ಸ್ ಹೋದ ಮೇಲೆ ಡಿಟೆಕ್ಟಿವ್ ಟಿಲ್ಮನ್ ಅಂಗಳಕ್ಕೆ ಬಂದಳು. ಬೆಳಗ್ಗೆಯೇ ಫ್ಲಾರಿಡಾದ ಬಿಸಿಲು ಚುರುಗುಟ್ಟುತ್ತಿತ್ತು.

"ನಿನ್ನೆ ಮಧ್ಯಾಹ್ನ ಬ್ಯಾಂಕಿಂದ ದುಡ್ಡು ತಂದಿದ್ದ, ಮೇಡಂ," ಕೋರಾ ಹೇಳಿದಳು. "ಮನೆ ಕಂದಾಯ ಬಾಕಿ. ಇವತ್ತು ಹನ್ನೊಂದಕ್ಕೆ ಹರಾಜು. ಅದಕ್ಕೆ ಮುಂಚೆ ಕಟ್ಟಿದ್ರೆ ಮನೆ ಉಳೀತಿತ್ತು. ಈಗ ದುಡ್ಡಿನ ಚೀಲಾನೇ ಇಲ್ಲ."

"ದುಡ್ಡು ಕಟ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೆ ಗೊತ್ತಿರ್ಲಿಲ್ಲ ಕೇಳಿ. ಡೈನರ್ ಹೋಟೆಲಲ್ಲಿ ಕೂತು ಹರಾಜಲ್ಲಿ ಮನೆ ಹಿಡಿಯೋರಿಗೆಲ್ಲ ಕೇಳೋ ಹಾಗೆ ಕೂಗಿದ್ದ. 'ರಣಹದ್ದುಗಳಾ, ನನ್ನ ಮನೆ ಆಸೆ ಬಿಡಿ' ಅಂತ. ಎಂಟು ತಿಂಗಳು ಅವನು ಟ್ಯಾಂಪಾದ ಆಸ್ಪತ್ರೇಲಿದ್ದ, ಮೊನ್ನೆ ತಾನೇ ಬಂದ್ವಿ. ಮನೇಲಿ ಕರೆಂಟಿಲ್ಲ, ನಾನು ಮೋಟೆಲ್‌ನಲ್ಲಿದ್ದೆ. ಅವನು ಇಲ್ಲೇ ಮಲಗ್ತೀನಿ ಅಂತ ಹಟ ಹಿಡಿದ. ಈ ಮನೆ ಹೋದ್ರೆ ನಮಗಿಬ್ಬರಿಗೂ ಬೇರೆ ಸೂರಿಲ್ಲ."

ಟಿಲ್ಮನ್ ಸುತ್ತ ನೋಡಿದಳು. ಹುಲ್ಲನ್ನು ನುಣ್ಣಗೆ ಕತ್ತರಿಸಲಾಗಿತ್ತು. ಶೆಡ್ಡಿನ ಸುತ್ತ ಮಾತ್ರ ಎದೆಮಟ್ಟ ನಿಂತಿತ್ತು.

"ಇದನ್ನ ಯಾರು ಕತ್ತರಿಸಿದ್ದು?"

ಕೋರಾ ಅದನ್ನು ಗಮನಿಸಿದ್ದೇ ಆಗ. "ಮೊನ್ನೆ ಅಂಗಳ ಪೂರ್ತಿ ಕಾಡಾಗಿತ್ತು. ಅಣ್ಣ ಅಂತೂ ಅಲ್ಲ. ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು ಬಿಡ್ತಾನೆ."

*

ಪಕ್ಕದ ಮನೆಯ ಡ್ಯೂಯಿ ಮೇಲೆ ಎಲ್ಲರಿಗೂ ಅನುಮಾನ. ಆ ಹುಲ್ಲಿನಿಂದ ಹಾವುಗಳು ಬರುತ್ತವೆ ಎಂದು ವೆಂಡೆಲ್‌ಗೆ ಫೋನಿನಲ್ಲೇ ಬೆದರಿಕೆ ಹಾಕಿದ್ದವನು ಅವನು. ಬಾಗಿಲು ತೆರೆದಾಗ ಅವನ ಬಲಗೈ ಭುಜದಿಂದ ಮಣಿಕಟ್ಟಿನವರೆಗೆ ಪ್ಲಾಸ್ಟರಿನಲ್ಲಿತ್ತು.

"ಹೊಡೀಬೇಕು ಅನ್ನಿಸಿದ್ದು ನಿಜ ಕಣಮ್ಮ," ಅಂದ. "ಯಾವ ಕೈಯಲ್ಲಿ ಹೊಡೀಲಿ? ಷರ್ಟಿನ ಗುಂಡಿನೂ ಹೆಂಡ್ತೀನೇ ಹಾಕ್ತಾಳೆ."

"ಹುಲ್ಲು ಕತ್ತರಿಸೋ ಸದ್ದು ಕೇಳಿಸ್ತಾ?"

"ನಿನ್ನೆ ಸಾಯಂಕಾಲ. ಬೇಲಿ ಅಡ್ಡ, ಆಳು ಕಾಣಲಿಲ್ಲ. ಸದ್ಯ, ದೇವರು ಅವನಿಗೂ ಬುದ್ಧಿ ಕೊಟ್ಟ ಅಂದ್ಕೊಂಡೆ."

ಟಿಲ್ಮನ್ ಕಾರಿನಲ್ಲಿ ಕೂತು ಕೌಂಟಿ ಆಡಳಿತದ ಇನ್‌ಸ್ಪೆಕ್ಟರ್ ಹಾಲಿಸ್‌ಗೆ ಫೋನ್ ಮಾಡಿದಳು. ಬೆಳೆದ ಹುಲ್ಲಿಗೆ ದಿನದ ಲೆಕ್ಕದಲ್ಲಿ ದಂಡ ಹಾಕುವವನು ಅವನೇ.

"ವೆಂಡೆಲ್ಲೇ ನಿನ್ನೆ ಫೋನ್ ಮಾಡಿದ್ನಲ್ಲ," ಹಾಲಿಸ್ ಅಂದ. "ಹುಲ್ಲು ತೆಗೀತಿದ್ದೀನಿ, ಬಂದು ನೋಡಿ ದಂಡ ನಿಲ್ಲಿಸಪ್ಪ ಅಂತ. ಮನೆಗೆ ಹೋಗ್ತಾ ರಸ್ತೆಯಿಂದಲೇ ನೋಡಿ ನಿಲ್ಲಿಸ್ದೆ. ಇವತ್ತಿಂದ ನನಗೆ ಎರಡು ವಾರ ರಜೆ. ನಿನ್ನೆ ನೋಡದಿದ್ರೆ ಅಲ್ಲೀವರೆಗೂ ಏರ್ತಾ ಇರ್ತಿತ್ತು."

"ಏದುಸಿರು ಬಿಡ್ತಿದ್ನಾ?"

"ಇಲ್ಲಪ್ಪ. ಗಟ್ಟಿ ದನಿ."

"ದಂಡ ನಿಂತಿದ್ದು ಬೇರೆ ಯಾರಿಗೆ ಗೊತ್ತು?"

"ನನಗೆ. ಅವನಿಗೆ, ರಾತ್ರಿ ಮತ್ತೆ ಫೋನ್ ಮಾಡಿ ಕೇಳ್ದ, ಹೇಳ್ದೆ. ಕಂಪ್ಯೂಟರಿಗೂ ಇನ್ನೂ ಹಾಕಿಲ್ಲ."

*

ಕೋರ್ಟಿನ ಮೆಟ್ಟಿಲುಗಳ ಮೇಲೆ ಹರಾಜಿನಲ್ಲಿ ಮನೆ ಹಿಡಿಯುವವರು ಸೇರಿದ್ದರು. ಎಲ್ಲ ಹಳೇ ಮುಖಗಳೇ. ಟಿಲ್ಮನ್ ಕಾಫಿ ಲೋಟ ಹಿಡಿದು ಮೇವಿಸ್ ಪಕ್ಕ ನಿಂತಳು. ಮೇವಿಸ್ ಇಪ್ಪತ್ತು ವರ್ಷದಿಂದ ಈ ವ್ಯಾಪಾರದಲ್ಲಿದ್ದವಳು.

"ನದಿ ಪಕ್ಕದ ಮನೆ ಹಿಡೀತೀಯಾ?"

"ವೆಂಡೆಲ್‌ದಾ? ದುಡ್ಡು ಕಟ್ತಾನೆ ಅಂದ, ಆಗಲೇ ಮರೆತೆ. ಕಟ್ಟದಿದ್ರೂ ಬೇಡಮ್ಮ. ಹರಾಜಲ್ಲಿ ಬೇರೆ ಸಾಲ ಎಲ್ಲ ತೊಳೆದು ಹೋಗುತ್ತೆ, ಹುಲ್ಲಿನ ದಂಡ ಮಾತ್ರ ಮನೆಗೇ ಅಂಟಿಕೊಂಡು ನಮ್ಮ ಕೊರಳಿಗೆ ಬೀಳುತ್ತೆ. ದಿನಾ ಬೆಳೀತಾ ಇದೆ."

ಮೇಲಿನ ಮೆಟ್ಟಿಲಿನಿಂದ ರಾಯ್ಸ್ ಗ್ಯಾಂಟ್ ನಕ್ಕ. ಇಸ್ತ್ರಿ ಷರ್ಟು, ಹೊಸ ಟೋಪಿ. "ಎಲ್ಲಿ ಬೆಳೀತಿದೆ ಅಜ್ಜಿ? ನಿನ್ನೇನೇ ನಿಂತೋಯ್ತು. ಸ್ವಲ್ಪ ವಿಷಯ ತಿಳ್ಕೊಂಡು ಬಾ."

"ಅಜ್ಜಿ ನಿಮ್ಮಮ್ಮ ಕಣೋ," ಅಂದಳು ಮೇವಿಸ್.

ಟಿಲ್ಮನ್ ಕಾಫಿ ಮುಗಿಸಿದಳು. ನ್ಯಾಯಾಧೀಶರು ಮೇಲಿನ ಮಹಡಿಯಲ್ಲೇ ಇದ್ದರು. ರಾಯ್ಸ್‌ನ ಟ್ರಕ್ ಶೋಧಿಸಲು ವಾರಂಟ್ ಪಡೆದು ಕೆಳಗಿಳಿಯುವಷ್ಟರಲ್ಲಿ ಹರಾಜು ಶುರುವಾಗಿತ್ತು. ಕೋರಾ ಓಡಿಬಂದು, ವಾರಂಟಿನಲ್ಲಿ ರಾಯ್ಸ್ ಹೆಸರು ಕಂಡು ಅವಳ ತೋಳು ಹಿಡಿದಳು.

"ಅವನೇ ಅಂತ ಗೊತ್ತಾಯ್ತಲ್ಲ! ಹಿಡೀರಿ! ಮನೆ ಕೂಗ್ತಿದ್ದಾರೆ!"

"ಸುಮ್ಮನಿರು. ಅವನು ಗೆಲ್ಲಲಿ."

"ಏನಂದ್ರಿ?"

"ಗೆಲ್ಲಲಿ ಅಂದೆ."

ರಾಯ್ಸ್ ಕೈ ಎತ್ತಿದ. ಬೇರೆ ಯಾರೂ ಎತ್ತಲಿಲ್ಲ. ಒಂದು ಸಲ. ಎರಡು ಸಲ. ಕೋರಾ ಕಣ್ಣು ಮುಚ್ಚಿದಳು. ಮೂರು ಸಲ. ರಾಯ್ಸ್ ಮುಂಗಡ ಎಣಿಸಿ ಕೊಟ್ಟು ಸಹಿ ಹಾಕಿದ.

ಆಗ ಟಿಲ್ಮನ್ ಅವನ ಮಣಿಕಟ್ಟಿಗೆ ಕೋಳ ತೊಡಿಸಿದಳು.

*

"ಹುಲ್ಲು ಕತ್ತರಿಸೋದು ಅಪರಾಧಾನಾ?" ರಾಯ್ಸ್ ಕೂಗಾಡಿದ.

"ಅಲ್ಲ. ಆದರೆ ವೆಂಡೆಲ್ ದುಡ್ಡು ಕಟ್ತಾನೆ ಅಂತ ನಂಬಿದವರು ಯಾರೂ ಆ ಅಂಗಳಕ್ಕೆ ಪೆಟ್ರೋಲ್ ಸುಡ್ತಿರ್ಲಿಲ್ಲ. ಅವನು ಕಟ್ಟೋಕೆ ಬರಲ್ಲ ಅಂತ ನಿನಗೆ ಮಾತ್ರ ಗೊತ್ತಿತ್ತು. ಮನೆ ನಿಂದೇ ಅಂದ್ಕೊಂಡೆ. ಹಾಲಿಸ್ ರಜೆ ಮುಗಿಯೋವರೆಗೆ ಎರಡು ವಾರದ ದಂಡ ಯಾಕೆ ಕಟ್ಲಿ ಅಂತ ಅವನ ಹೆಸರಲ್ಲಿ ಫೋನ್ ಮಾಡ್ದೆ. ಒಳಗೆ ಅವನಿದ್ದ, ಅದಕ್ಕೇ ಶೆಡ್ಡಿನ ಹತ್ತಿರ ಮಾತ್ರ ಹೋಗಲಿಲ್ಲ. ದಂಡ ನಿಂತಿದ್ದು ಹಾಲಿಸ್‌ಗೂ ಫೋನ್ ಮಾಡಿದವನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದನ್ನ ನೀನೇ ಮೆಟ್ಟಿಲ ಮೇಲೆ ನಿಂತು ಜಂಬದಿಂದ ಹೇಳ್ದೆ."

ಪೊಲೀಸನೊಬ್ಬ ರಾಯ್ಸ್‌ನ ಟ್ರಕ್ಕಿನಿಂದ ಬ್ಯಾಂಕಿನ ಚೀಲ ಎತ್ತಿ ತೋರಿಸಿದ.

"ನನ್ನನ್ನ ಯಾಕೆ ಹೆದರಿಸಿದ್ರಿ?" ಕೋರಾ ಟಿಲ್ಮನ್ ಕಡೆ ತಿರುಗಿದಳು.

"ಮೊದಲೇ ಇವನನ್ನ ಹಿಡಿದಿದ್ರೆ ಹರಾಜು ನಿಲ್ತಿರಲಿಲ್ಲ. ದಂಡ ನಿಂತಿದೆ ಅಂತ ಮೇವಿಸ್‌ಗೂ ಗೊತ್ತಾಗಿತ್ತು. ಅವಳು ಮನೆ ಹಿಡಿದಿದ್ರೆ ಇವತ್ತೇ ಪೂರ್ತಿ ಕಟ್ಟಿ ಮುಗಿಸ್ತಿದ್ಲು."

"ಖಂಡಿತ," ಅಂದಳು ಮೇವಿಸ್. "ಇವನಿದ್ದಿದ್ದಕ್ಕೆ ಬಿಟ್ಟೆ, ಎಷ್ಟಕ್ಕಾದ್ರೂ ಏರಿಸ್ತಿದ್ದ."

"ಇವನು ನಾಳೆಯೊಳಗೆ ಪೂರ್ತಿ ಕಟ್ಟಬೇಕು. ಲಾಕಪ್‌ನಲ್ಲಿ ಕೂತು ಹೇಗೆ ಕಟ್ತಾನೆ? ಹರಾಜು ರದ್ದು. ಮತ್ತೆ ನೋಟೀಸು ಹಾಕಿ ಕೂಗೋಕೆ ಒಂದು ತಿಂಗಳಾದ್ರೂ ಬೇಕು. ಅಷ್ಟರಲ್ಲಿ ಈ ಚೀಲದ ದುಡ್ಡು ಕೋರ್ಟಿಂದ ಬಿಡಿಸ್ಕೊಂಡು ನೀನು ಕಟ್ಟು."

"ಇವನ ಪರವಾಗಿ ಯಾರಾದ್ರೂ ಕಟ್ಟಿದ್ರೆ?"

ಮೇವಿಸ್ ನಕ್ಕಳು. "ಇವನ ಪರವಾಗಿ ಕಾಫಿ ದುಡ್ಡೂ ಯಾರೂ ಕೊಡಲ್ಲಮ್ಮ."

*

ಮೂರು ವಾರದ ಮೇಲೆ ವೆಂಡೆಲ್ ತಂಗಿಯ ತೋಳು ಹಿಡಿದು ಕಂದಾಯದ ಕೌಂಟರಿಗೆ ಬಂದ. ತಲೆಗೆ ಪಟ್ಟಿ. ಕೋರ್ಟು ಬಿಟ್ಟುಕೊಟ್ಟ ಹಣವನ್ನು ಕೋರಾ ಕಿಂಡಿಯೊಳಗೆ ತಳ್ಳಿದಳು. ಗುಮಾಸ್ತ ಹರಾಜಿನ ಪಟ್ಟಿಯಿಂದ ಮನೆಯನ್ನು ತೆಗೆದು ಹಾಕಿದ.

"ಇನ್ನು ಮನೆ ನಿಮ್ದೇ," ಅಂದ.

"ಬೇರೆ ಯಾರದ್ದಾಗಿತ್ತು?" ಕೋರಾ ಕೇಳಿದಳು. ಅಣ್ಣನನ್ನು ಬಾಗಿಲ ಕಡೆಗೆ ತಿರುಗಿಸಿದಳು.