ಭಾವಚಿತ್ರದ ಕೆಳಗಿನ ಸುಳ್ಳು

"ಆ ಫ್ಲೆಕ್ಸನ್ನ ಜೀಪಿನಿಂದ ಇಳಿಸಿ ಭಾವ... ನಿಮ್ಮ ಕಾಲಿಗೆ ಬೀಳ್ತೀನಿ!"

ಆಂಧ್ರದ ರಾಯದುರ್ಗದ ಆ ಮನೆಗೆ ಸೊಸೆಯಾಗಿ ಬಂದ ಹದಿನೆಂಟು ವರ್ಷಗಳಲ್ಲಿ ಮಂಜುಳ ಗಂಡನ ಅಣ್ಣನೆದುರು ದನಿಯೆತ್ತಿದ್ದು ಅದೇ ಮೊದಲು. ಫ್ಲೆಕ್ಸಿನ ಮೇಲೆ ಅವಳ ಗಂಡ ಚಂದ್ರಮೋಹನ್ ನಗುತ್ತಿದ್ದ. ಅವನ ಪಕ್ಕದಲ್ಲೇ ಹೊಸ ಕೀಟನಾಶಕದ ಡಬ್ಬಿಯೊಂದರ ಚಿತ್ರ, ಕೆಳಗೆ ತೆಲುಗಿನಲ್ಲಿ 'ವಿಜ್ಞಾನಿ ಮೆಚ್ಚಿದ ಔಷಧಿ' ಎಂಬ ದಪ್ಪ ಅಕ್ಷರ! ಹೊಲಕ್ಕೆ ವಿಷ ಸುರಿಯದೆಯೇ ಹುಳು ಹತೋಟಿಗೆ ತರಬಹುದೆಂದು ಊರೂರು ಅಲೆದು ರೈತರಿಗೆ ತೋರಿಸಿಕೊಟ್ಟ ಕೃಷಿ ವಿಜ್ಞಾನಿ ಅವನು. ಹೃದಯಾಘಾತದಿಂದ ತೀರಿಕೊಂಡು ಅಂದಿಗೆ ಸರಿಯಾಗಿ ವರ್ಷವಾಗಿತ್ತು. ಅಗಳಿ ಎಂಬ ಊರಿನ ರೈತರು ಅವನ ನೆನಪಿಗೆ ಸಭೆಯಿಟ್ಟು ಮನೆಯವರನ್ನೆಲ್ಲ ಕರೆದಿದ್ದರು.

ಕೀಟನಾಶಕದ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪನ ಕಣ್ಣು ಕೆಂಪಾದವು. "ಊರಾಗ ನನ್ನ ವಿಷದ ಕೊಟ್ರಬಸಪ್ಪ ಅಂತಾರ. ಯಾರಿಂದ? ನಾ ಓದಿಸಿದ ತಮ್ಮನಿಂದ! ಇದ್ದಾಗ ಒಂದ್ ದಿನ ನನ್ನ ಕಡಿ ನಿಲ್ಲಲಿಲ್ಲ. ಸತ್ತಮ್ಯಾಗರ ನಿಲ್ಲಲಿ!"

ಅತ್ತೆ ಓಬಮ್ಮ ಒಳಗಿನಿಂದ ಬಂದವಳೇ ಸೊಸೆಯ ಕೈ ಹಿಡಿದೆಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ನನ್ನ ಮ್ಯಾಲೆ ಆಣಿ. ಅಲ್ಲಿ ನೀ ತುಟಿ ಬಿಚ್ಚಬಾರದು. ಒಬ್ಬ ಮಗನ್ನ ಕಳಕೊಂಡೀನಿ... ಇದ್ದೊಬ್ಬನ ಮರ್ಯಾದಿ ನಾಕು ಮಂದ್ಯಾಗ ಹೋದ್ರ ನಾ ಉಳಿಯಾಕಿಲ್ಲ!"

ಮಗನನ್ನು ಕಳೆದುಕೊಂಡ ಆ ಮುದಿ ಜೀವದ ನೆತ್ತಿ ಮಂಜುಳಳ ಅಂಗೈಯಡಿ ನಡುಗುತ್ತಿತ್ತು. ಅವಳು ಅತ್ತೆಯನ್ನು ಕೈಹಿಡಿದು ಜೀಪು ಹತ್ತಿಸಿದಳು.

ಅಗಳಿ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಶಾಲೆಯ ಅಂಗಳದಲ್ಲಿ ಫ್ಲೆಕ್ಸ್ ಎದ್ದು ನಿಂತಿತು, ಪಕ್ಕದ ಮೇಜಿನ ಮೇಲೆ ಡಬ್ಬಿಗಳ ಸಾಲು. ಜನ ಗುಸುಗುಸು ಮಾತಾಡಿದರು. ಅಷ್ಟರಲ್ಲಿ ಚಿತ್ತಮ್ಮ ಎಂಬ ಹೆಂಗಸು ಗಂಡ ಚಿತ್ತಪ್ಪನ ಕೈಹಿಡಿದು ನಡೆಸಿಕೊಂಡು ಮುಂದೆ ಬಂದಳು. ಏಳು ವರ್ಷದ ಹಿಂದೆ ಕಡಲೆಕಾಯಿಗೆ ಔಷಧಿ ಹೊಡೆಯುತ್ತಿದ್ದ ಚಿತ್ತಪ್ಪ ಹೊಲದಲ್ಲೇ ಬಿದ್ದಿದ್ದ. ಅವನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಸೇರಿಸಿದವನು ಚಂದ್ರಮೋಹನ್. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

"ಸಾರ್ ಬ್ಯಾಡ ಅಂದ್ರು, ಅವತ್ತಿನಿಂದ ಒಂದ್ ತೊಟ್ಟು ಹೊಡ್ದಿಲ್ಲ ಕಣಣ್ಣ," ಎಂದಳು ಚಿತ್ತಮ್ಮ, ಫ್ಲೆಕ್ಸಿಗೆ ಕೈಮುಗಿದು. "ಈಗ ಸಾರೇ ಹೊಡೀರಿ ಅಂದವ್ರೆ ಅಂದ್ಮೇಲೆ ಇನ್ನೇನು? ಎಲ್ಡು ಡಬ್ಬಿ ಕೊಡಿ. ನನ್ ಮಗನೇ ಹೊಡೀತಾನೆ."

ಕೊಟ್ರಬಸಪ್ಪನ ಕೈ ಡಬ್ಬಿಯ ಮೇಲೆ ಹೋಯಿತು. ಮಂಜುಳ ಎದ್ದು ನಿಂತಳು. ಆಣೆ... ಅತ್ತೆಯ ನೆತ್ತಿ... ಆದರೆ ಈ ತಾಯಿಯ ಮಗ?

"ಬೇಡ ಚಿತ್ತಮ್ಮ!" ಅವಳು ಕಿರುಚಿಯೇಬಿಟ್ಟಳು. "ಅವರು ಹಾಗೆ ಹೇಳಿಲ್ಲ! ಯಾವತ್ತೂ ಹೇಳಿಲ್ಲ!"

"ಬಾಯಿ ಮುಚ್ಚು!" ಕೊಟ್ರಬಸಪ್ಪ ಗುಡುಗಿದ.

ಚಿತ್ತಪ್ಪ ಆ ದನಿ ಬಂದತ್ತ ಮುಖ ತಿರುಗಿಸಿ, ಗಾಳಿಯಲ್ಲಿ ಕೈಯಾಡಿಸುತ್ತ ಎರಡು ಹೆಜ್ಜೆ ಇಟ್ಟ. "ಸಾರ್ ದನಿ! ಅದೇ ದನಿ... ನೀವು ಸಾರ್ ಅಣ್ಣಾರಾ ಸ್ವಾಮಿ? ನಂಗೆ ಪಟ ಕಾಣಾಕಿಲ್ಲ. ನೀವೇ ಯೋಳಿ. ಇದನ್ನ ಹೊಡೀರಿ ಅಂದಿದ್ರಾ ನಿಮ್ ತಮ್ಮಾರು? ನೀವು ಹೂಂ ಅಂದ್ರೆ ನಂಬ್ತೀನಿ."

ಕೊಟ್ರಬಸಪ್ಪ ಡಬ್ಬಿಯಿಂದ ಕೈ ತೆಗೆದ. ಹೂಂ ಎಂಬ ಒಂದೇ ಮಾತು ಸಾಕಿತ್ತು. ಆ ಬೆಳಕಿಲ್ಲದ ಕಣ್ಣುಗಳನ್ನು ನೋಡುತ್ತ ನೋಡುತ್ತ ಅವನು ಮೇಜು ಹಿಡಿದು ಕುಸಿದ.

"ಇಲ್ಲಪ್ಪ... ಅಂದಿಲ್ಲ. ನನ್ನ ತಮ್ಮ ಅಂದಿಲ್ಲ... ಸುಳ್ಳು ಬರಿಸಿದಾಂವ ನಾನು!"

ಮಗುವಿನಂತೆ ಬಿಕ್ಕಿದ ಆ ದೊಡ್ಡ ಆಳು ಆಮೇಲೆ ತಾನೇ ಎದ್ದು ಫ್ಲೆಕ್ಸಿನ ಹಗ್ಗ ಬಿಚ್ಚಿದ. ಯಾರೂ ನಗಲಿಲ್ಲ, ಬೈಯಲಿಲ್ಲ. ಚಿತ್ತಪ್ಪ ಅವನ ಹೆಗಲು ತಡವಿ, "ಮಳೆ ಬಿದ್ದೈತೆ, ಇವತ್ತು ಸಂಜೆ ಕಂಬಳಿಹುಳುವಿನ ಚಿಟ್ಟೆ ಏಳ್ತವೆ. ಬದಿನ ಮ್ಯಾಲೆ ಬೆಂಕಿ ಹಾಕಿದ್ರೆ ಬಂದು ಬೀಳ್ತವೆ. ಸಾರ್ ಕಲಿಸಿದ್ದು. ನೋಡ್ಕೊಂಡು ಹೋಗಿ," ಎಂದ.

ಹೊತ್ತು ಮುಳುಗುವಾಗ ಹೊಲಗಳ ಬದುಗಳ ಮೇಲೆ ಒಂದೊಂದಾಗಿ ಬೆಂಕಿ ಎದ್ದವು. ಒಂದಕ್ಕೆ ಕೊಟ್ರಬಸಪ್ಪ ಸೌದೆ ಒಟ್ಟುತ್ತಿದ್ದ. ದೂರದಲ್ಲಿ, ಜೀಪಿನ ಪಕ್ಕ ಓಬಮ್ಮ ಕಲ್ಲಿನಂತೆ ಕೂತಿದ್ದಳು. ಮಂಜುಳ ಬಂದು ಅವಳ ಕಾಲ ಬಳಿ ಕುಸಿದಳು.

"ಆಣೆ ಮುರಿದೆ ಅತ್ತೆ... ಬಯ್ಯಿರಿ, ಹೊಡೀರಿ. ಮಾತು ಮಾತ್ರ ಬಿಡಬೇಡಿ..."

ಬೆಂಕಿಗಳನ್ನೇ ನೋಡುತ್ತಿದ್ದ ಮುದುಕಿ ಕೇಳಿದಳು:

"ಅವ ಮನಿ ಬಿಟ್ಟು ವಾರಗಟ್ಲೆ ಇರ್ತಿದ್ದದ್ದು ಇಲ್ಲೇ ಏನವ್ವ?"

"ಹೌದು ಅತ್ತೆ."

"ನಾ ಒಂದಿನಾನೂ ಬಂದು ನೋಡಲಿಲ್ಲ..." ಓಬಮ್ಮ ಸೊಸೆಯ ಭುಜಕ್ಕೆ ಭಾರ ಹಾಕಿ ಮೆಲ್ಲಗೆ ಎದ್ದಳು. "ನಡಿ. ನನ್ನ ಮಗ ಎಲ್ಲೆಲ್ಲಿ ಅಡ್ಡಾಡ್ದ, ನಂಗೂ ತೋರ್ಸು."