ಸೋಮನಿಂಗನ ಗ್ಲಾಸು ಒಡೆದವರು ಯಾರು?

ಬೆಳಿಗ್ಗೆ ಎಂಟಕ್ಕೆ ಸರಿ ಇದ್ದ ಗ್ಲಾಸು ಎಂಟೂವರೆಗೆ ಒಡೆದಿತ್ತು.

ಸೋಮನಿಂಗ ಮೋರಟಗಿಯಿಂದ ರಕ್ತದ ಡಬ್ಬಿ ತಂದು, ಸಿಂದಗಿಯ ಲ್ಯಾಬಿನ ಹಿಂದೆ ಬೇವಿನ ನೆರಳಿಗೆ ಬೈಕು ನಿಲ್ಲಿಸಿ ಚಹಾಕ್ಕೆ ಹೋಗಿದ್ದ. ತಿರುಗಿ ಬಂದರೆ ಬೈಕಿನ ಮುಂದಿನ ಗಾಳಿ ತಡೆಯುವ ಗ್ಲಾಸಿನಲ್ಲಿ ನಾಲ್ಕು ಬೋಲ್ಟುಗಳ ಸುತ್ತಲಿಂದಲೂ ಬಿರುಕು ಹೊರಟು ಮೇಲಿನ ಅಂಚು ಮುಟ್ಟಿದೆ. ಕೈಯಿಟ್ಟದ್ದೇ ತಡ, ಒಂದು ತುಂಡು ಕೈಗೇ ಬಂತು.

"ಜೈತುನಬಿ ಅಕ್ಕಾ, ಸ್ವಲ್ಪ ಹೊರಗ ಬರ್ರಿ."

ಆ ದನಿ ಕೇಳಿ ಜೈತುನಬಿ ಸಿರಿಂಜು ಕೆಳಗಿಟ್ಟಳು. ಹದಿನೆಂಟು ವರ್ಷದಿಂದ ಈ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ಅವಳು. ದನಿ ಕೇಳಿಯೇ ಸೂಜಿ ಕಂಡು ಯಾರು ಬೀಳುತ್ತಾರೆ, ಯಾರು ನಿಲ್ಲುತ್ತಾರೆ ಎಂದು ಹೇಳಬಲ್ಲಳು. ಇವನು ಬೀಳುವವನಂತೆ ಕಂಡ.

ಬೀಳದೆ ಇನ್ನೇನು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ನಾಲ್ಕು ತಾಲ್ಲೂಕಿನ ರಕ್ತ ನಾಲ್ವರ ಬೈಕಿನ ಮೇಲೆ ವಿಜಯಪುರ ಸೇರುತ್ತದೆ. ದಿನಕ್ಕೆ ನೂರೈವತ್ತು ಕಿಲೋಮೀಟರು. ಡಬ್ಬಿಯೊಳಗಿನ ರಕ್ತಕ್ಕೆ ಬಿಸಿಲು ತಾಗಬಾರದು, ಗಾಳಿ ತಾಗಬಾರದು, ಅದಕ್ಕೆ ಮಂಜುಗಡ್ಡೆಯ ಹಾಸಿಗೆ. ಡಬ್ಬಿ ಹೊರುವವನ ಮೈಯೊಳಗಿನ ರಕ್ತಕ್ಕೆ ಮಾತ್ರ ಏನು ತಾಗಿದರೂ ನಡೆಯುತ್ತದೆ. ಕಂಪನಿ ಕೊಟ್ಟ ಹೆಲ್ಮೆಟ್ಟಿನ ಮುಖಗಾಜು ತಿಂಗಳೊಪ್ಪತ್ತಿಗೆ ಮಬ್ಬಾಗುತ್ತದೆ, ಎತ್ತಿಕೊಂಡೇ ಓಡಿಸಬೇಕು. ಸೋಮನಿಂಗನ ಬಲಗಣ್ಣಿನ ಮೂಲೆಯಲ್ಲಿ ಮಾಂಸ ಬೆಳೆದು ಕರಿಗುಡ್ಡೆಯ ಹತ್ತಿರ ಬಂದಿತ್ತು. "ಗಾಳಿ ಬಿಡು, ಇಲ್ಲಾ ಗಾಡಿ ಬಿಡು" ಎಂದಿದ್ದರು ಕಣ್ಣಿನ ಡಾಕ್ಟರು. ಗಾಡಿ ಬಿಟ್ಟರೆ ಕೆಲಸವಿಲ್ಲ.

ಮೂರು ಅರ್ಜಿ ಕೊಟ್ಟ ಮೇಲೆ ವಿಜಯಪುರದ ಮಾಲೀಕರು ಒಪ್ಪಿದ್ದರು. ಒಂದು ಗಾಡಿಗೆ ಗ್ಲಾಸು ಹಾಕಿ ನೋಡಿ, ಬಾಳಿಕೆ ಬಂದರೆ ನಾಲ್ಕಕ್ಕೂ. ಇವತ್ತು ಹನ್ನೊಂದಕ್ಕೆ ಅವರೇ ನೋಡಲು ಬರುವವರಿದ್ದರು.

"ಬಿದ್ದೀಯೇನು?" ಮ್ಯಾನೇಜರ್ ಚೇತನಕುಮಾರ ಹೊರಬಂದ. ಬಲಗೈ ತೋಳು ಒದ್ದೆಯಾಗಿತ್ತು. ಬಿಳಿ ಅಂಗಿಯ ಆ ತೋಳಿನ ಅಂಚಿಗೆ ಒಂದು ಕೆಂಪು ಕಲೆ.

"ಇಲ್ರಿ ಸರ್. ಚಹಾ ಕುಡದ ಬಂದೆ, ಹಿಂಗಾಗಿತ್ತು."

"ಚಹಾ ಕುಡ್ಯೂದರಾಗ ಗ್ಲಾಸು ತಾನಾಗೇ ಒಡಿತೇನು? ಲೋಕಲ್ ಮಾಲು ಹಾಕಬ್ಯಾಡ್ರಿ ಅಂತ ಮದಲ ಹೇಳಿದ್ದೆ. ಸವಾರ ಬಿದ್ದಾನ, ಮಾಲು ಕಚ್ಚಾ ಐತಿ—ಅಷ್ಟೇ ಬರಿತೇನಿ. ಮಾಲೀಕರು ನೋಡ್ಕೋತಾರ."

"ಬರಿಯೂದು ಹನ್ನೊಂದಕ್ಕ ಬರೀರಿ ಸರ್" ಎಂದಳು ಜೈತುನಬಿ. "ತೋಳಿಗೆ ರಕ್ತ ಹತ್ತೇತೇನ್ರಿ? ಹತ್ತಿದ್ರ ರಿಜಿಸ್ಟರದಾಗ ಬರೀಬೇಕು."

"ಕುಂಕುಮ. ಗುಡಿಗಿ ಹೋಗಿದ್ದೆ."

ಅವನು ಒಳಗೆ ಹೋದ. ಜೈತುನಬಿಗೆ ತಲೆ ಕಾದಿತ್ತು. ಒಳಗೆ ಹಸಿದ ಹೊಟ್ಟೆಯಲ್ಲಿ ಆರು ಮಂದಿ ರಕ್ತ ಕೊಡಲು ಕೂತಿದ್ದಾರೆ. ಹೊರಗೆ ಇದು. ಮೂರು ತಿಂಗಳಿಂದ ಈ ಲ್ಯಾಬಿನಲ್ಲಿ ಗ್ಲಾಸಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಸಾಕಾಗಿ ಹೋಗಿತ್ತು ಅವಳಿಗೆ.

ಮೊದಲು ಅವಳು ವಿಚಾರಿಸಿದ್ದು ಯುವರಾಜನನ್ನು. ಇಂಡಿ, ತಾಂಬಾ ಕಡೆಯ ಸವಾರ. ಚಹಾದಂಗಡಿಯಲ್ಲಿ ಸೋಮನಿಂಗನ ಜೊತೆಗಿದ್ದವನು.

"ನೀ ನಡುವ ಎದ್ದು ಹೋಗಿದ್ದೆಲ್ಲ, ಎಲ್ಲಿಗಿ?"

"ಗಾಡ್ಯಾಗ ಹವಾ ಹಾಕ್ಸಾಕ. ಯಾಕ್ರಿ ಅಕ್ಕಾ, ನನ್ನ ಮ್ಯಾಲೆ ಸಂಶೇನ?"

"ನಿನಗ ಈ ಗ್ಲಾಸು ಬ್ಯಾಡಾಗಿತ್ತು. ಎತ್ತರದ್ದ ಬೇಕು ಅಂತ ಹಟಾ ಹಿಡದಿದ್ದಿ."

"ಹಿಡದಿದ್ದೆ. ಕಪಾಟಿನ ಬಾಗಲದಷ್ಟ ದೊಡ್ಡದ ಹಾಕ್ಕೊಂಡು ಬಾಗೇವಾಡಿ ರೋಡಿಗಿ ಹೋದೆ. ಕಬ್ಬಿನ ಲಾರಿ ಬಾಜೂಕ ಹಾದ್ರ ಗಾಡಿ ಪಟದಂಗ ಹಾರತಿತ್ತು. ತಲಿ ಹಿಂದ ಗಾಳಿ ಡೊಳ್ಳು ಬಾರಿಸಿದಂಗ. ಅವತ್ತ ನನ್ನ ಹಟಾ ಮುಗೀತು. ಇದು ಹಾಳಾದ್ರ ನನಗೂ ಗ್ಲಾಸಿಲ್ಲ ಅಕ್ಕಾ. ನನ್ನ ಕಿವಿ ಸೋರೂದು ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಹತ್ತಿ ಕೊಡುವವಳು ಅವಳೇ.

ಆಮೇಲೆ ಮೆಕ್ಯಾನಿಕ್ ನಿಯಾಜ. ಬಸ್‌ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಿಂದ ಎಣ್ಣೆಗೈಯಲ್ಲೇ ಓಡಿ ಬಂದವನು ಮೊದಲು ಗಾಡಿಯ ಪಕ್ಕ ಕೂತು ಸುತ್ತಲಿನ ನೆಲ ನೋಡಿದ.

"ಬಿದ್ದಿಲ್ಲ ಆಪಾ. ಹ್ಯಾಂಡಲ್ ನೆಟ್ಟಗೈತಿ, ಕನ್ನಡಿಗಿ ಗೀರಿಲ್ಲ. ಕಲ್ಲು ಹೊಡದಿದ್ರ ಹೊಡದ ಜಾಗಾ ಕಾಣ್ತಿತ್ತು. ಇದು ಬೋಲ್ಟಿನಿಂದ ಒಡದೈತಿ."

"ಅಂದ್ರ ಬಿಗಿದಾವ ನೀನ."

ನಿಯಾಜನ ಮುಖ ಗಂಟಾಯಿತು. "ರೋಡು ನೋಡೀರಲ್ಲ. ಸಡ್ಲ ಬಿಟ್ರ ಅರ್ಧ ದಾರ್ಯಾಗ ಬೀಳತೈತಿ. ಬಿಗಿದೇನಿ. ಐದು ವಾರ ಏನೂ ಆಗಿಲ್ಲ, ಇವತ್ತ ಯಾಕಾತು? ಸಣ್ಣ ಗ್ಲಾಸು ಹಾಕಿದ್ವಿ, ಗಾಳಿ ಸೀದಾ ಕುತಗಿಗಿ ಬಂತು. ದೊಡ್ಡದ ಹಾಕಿದ್ವಿ, ಯುವರಾಜ ಹೇಳಿದ್ನಲ್ಲ. ಕಡೀಕ ಇದು. ಹೆಲ್ಮೆಟ್ಟಿಗೆ ಉಲನ್ ದಾರ ಕಟ್ಟಿ, ಹಿಂದ ಗಾಡಿ ಹೊಡ್ಕೊಂಡು ಹೋಗಿ, ದಾರ ಯಾವ ಕಡೆ ಹಾರತೈತಿ ನೋಡೀನಿ. ಸೋಮನಿಂಗ ಕಾಕಾನ ಎತ್ತರಕ್ಕ ಮ್ಯಾಲಿಂದ ಎರಡು ಬಟ್ಟು ಕೊಯ್ದೀನಿ. ಗಾಳಿ ಹೆಲ್ಮೆಟ್ಟಿನ ಮ್ಯಾಲೆ ಹಾದು ಹೋಗಬೇಕು, ಕಣ್ಣು ಅಂಚಿನ ಮ್ಯಾಲಿಂದ ರಸ್ತಾ ನೋಡಬೇಕು. ಇಷ್ಟು ಮಾಡಿದಾವ ನಾನ ಒಡೀಲೇನು?"

"ಒಡದಿ ಅಂತ ಯಾರಂದ್ರು? ಕೇಳಿದ್ದಕ್ಕ ಉತ್ತರ ಕೊಡ್ರೋ. ಒಂದು ಕೇಳಿದ್ರ ಪುರಾಣ ಹೇಳ್ತೀರಿ."

ಅಷ್ಟರಲ್ಲಿ ಒಳಗಿಂದ ಚೇತನಕುಮಾರನ ಕೂಗು: "ಹನಮವ್ವ! ಬೆಳಿಗ್ಗಿ ಹಿಂದ ಕಸಾ ಹೊಡದಾಕಿ ನೀನ ಅಲ್ಲ? ಗಾಡಿಗಿ ಕಸಬರಿಗಿ ಬಡದೀ ಏನು?"

ಬಂತು. ಹನಮವ್ವನ ಹೆಸರು ಬರದೆ ಈ ಲ್ಯಾಬಿನಲ್ಲಿ ಯಾವ ತಪ್ಪೂ ಮುಗಿಯುವುದಿಲ್ಲ. ಹೋದ ವರ್ಷ ರಕ್ತದ ಕೊಳವೆ ನಿಲ್ಲಿಸುವ ಹೊಸ ಸ್ಟ್ಯಾಂಡು ಸೀಳಿದಾಗಲೂ ಅವಳೇ ಕೆಡವಿದಳು ಎಂದು ಬರೆಯಲಾಗಿತ್ತು. ಕಸ ಗುಡಿಸುವವಳ ಕೈ ಎಲ್ಲ ಕಡೆ ಓಡಾಡುತ್ತದೆ. ಆರೋಪ ಹೊರಿಸಲು ಅದಕ್ಕಿಂತ ಅನುಕೂಲದ ಕೈ ಯಾವುದು?

"ಏಳಕ್ಕ ಕಸಾ ಹೊಡದು, ಕಸದ ಡಬ್ಬಿ, ಹತ್ತಿ ಡಬ್ಬಿ ಎಲ್ಲಾ ಖಾಲಿ ಮಾಡೀನ್ರಿ" ಎಂದಳು ಹನಮವ್ವ ಬಾಗಿಲಲ್ಲಿ ನಿಂತು. "ಗಾಡಿ ಬಂದಿದ್ದ ಎಂಟಕ್ಕ. ನನ್ನ ಕಸಬರಿಗಿ ಏನು ಒಂದು ತಾಸು ಮದಲ ಹೋಗಿ ಕಾಯ್ಕೋಂತ ಕೂತಿತ್ತೇನ್ರಿ?"

ಯುವರಾಜ ನಕ್ಕ. ಜೈತುನಬಿ ನಗಲಿಲ್ಲ. ಆ ಸ್ಟ್ಯಾಂಡು ಅವಳ ಕಣ್ಣಿಗೆ ಕಟ್ಟಿತ್ತು. ಅದೂ ಸ್ಕ್ರೂಗಳ ಸುತ್ತಲೇ ಸೀಳಿತ್ತು—ಇದೇ ಜೇಡರ ಬಲೆ.

ಅವಳು ಗ್ಲಾಸಿನ ಮುಂದೆ ಬಂದು ನಿಂತಳು. ಎಲ್ಲರೂ ಬಿರುಕನ್ನೇ ನೋಡುತ್ತಿದ್ದರು. ಅವಳು ಬಿರುಕಿಲ್ಲದ ಜಾಗ ನೋಡಿದಳು. ಥಳಥಳ.

"ಸೋಮನಿಂಗ, ಮೋರಟಗಿಯಿಂದ ಬರೂವಾಗ ಹುಳಾ ಬಡಿಲಿಲ್ಲೇನು?"

"ಮುಖದ ತುಂಬ ಬಡಿತಿದ್ವು. ಈಗ ಗ್ಲಾಸಿಗಿ ಬಡಿತಾವ. ಸಂಜೀಕ ಮನ್ಯಾಗ ನೀರು ಹಾಕಿ ತೊಳಿತೇನಿ."

"ಮತ್ತ ಕಾಶಿಬಾಯಿ ಹಚ್ಚೂ ಭಂಡಾರ?"

ಸೋಮನಿಂಗ ಬಗ್ಗಿ ನೋಡಿದ. ಬೀರಪ್ಪನ ಒಕ್ಕಲವನು ಅವನು. ದಿನಾ ಹೊರಡುವ ಮುನ್ನ ಹೆಂಡತಿ ಕಾಶಿಬಾಯಿ ಭಂಡಾರದ ಅರಿಶಿನ ನೀರಲ್ಲಿ ಕಲಸಿ ಗ್ಲಾಸಿನ ನಡುವೆ ಬೆರಳಗಲ ಬಳಿಯುತ್ತಿದ್ದಳು. ಅದನ್ನು ಒರೆಸುವ ಕೈ ಸವಾರರಲ್ಲಿ ಒಂದೂ ಇಲ್ಲ, ಮುದ್ದೇಬಿಹಾಳದವನಿರಲಿ, ಬಾಗೇವಾಡಿಯವನಿರಲಿ. ನಿಯಾಜ ಕೂಡ ಅದನ್ನು ಉಳಿಸಿಯೇ ಗಾಡಿ ತೊಳೆಯುತ್ತಿದ್ದ.

"ಇಲ್ಲ ಅಕ್ಕಾ" ಎಂದ ಸೋಮನಿಂಗ ಮೆಲ್ಲಗೆ. "ಭಂಡಾರಾನ ಇಲ್ಲ."

ಜೈತುನಬಿ ಒಳಗೆ ಹೋದಳು. ಬಳಸಿದ ಹತ್ತಿ ಹಾಕುವ ಹಳದಿ ಡಬ್ಬಿಯಲ್ಲಿ ಚಿಮಟದಿಂದ ಹುಡುಕಿ ಒಂದು ಉಂಡೆ ಎತ್ತಿದಳು. ಹಳದಿ ಹತ್ತಿ. ಗಾಯಕ್ಕೆ ಹಚ್ಚುವ ಔಷಧದ ಬಣ್ಣವೇ, ಯಾರೂ ಎರಡನೆಯ ಸಲ ನೋಡುವುದಿಲ್ಲ. ಆದರೆ ಇವತ್ತು ಗಾಯದವರು ಯಾರೂ ಬಂದಿರಲಿಲ್ಲ. ಮೂಸಿದಳು. ಸ್ಪಿರಿಟ್ ವಾಸನೆ.

"ನಿಯಾಜ, ಮ್ಯಾಲಿಂದ ಎರಡು ಬಟ್ಟು ಕೊಯ್ದಿ ಅಂದ್ಯಲ್ಲ, ಆ ಪಟ್ಟಿ ಐತೇನು?"

"ಗ್ಯಾರೇಜಿನ್ಯಾಗ ಬಿದ್ದೈತಿ."

"ತಗೊಂಡು ಬಾ."

ಹನ್ನೊಂದಕ್ಕೆ ಮಾಲೀಕರು ಬಂದರು. ಚೇತನಕುಮಾರನ ಕೈಯಲ್ಲಿ ಬರೆದ ಕಾಗದ ಸಿದ್ಧವಿತ್ತು.

"ಕಾಗದ ಆಮ್ಯಾಲೆ ಓದ್ರಿ, ಸಾಹೇಬರ. ಮದಲ ಇದನ್ನ ನೋಡ್ರಿ" ಎಂದು ಜೈತುನಬಿ ಹತ್ತಿಯ ಉಂಡೆಯನ್ನು ಸಾಬೂನಿನ ನೀರಿಗೆ ಅದ್ದಿದಳು. ಹಳದಿ ಹತ್ತಿ ಕಣ್ಣೆದುರೇ ಕೆಂಪಾಯಿತು.

"ಔಷಧ ಆಗಿದ್ರ ಕೆಂಪಾಗೂದಿಲ್ಲ. ಇದು ಅರಿಷಿಣ. ಸೋಮನಿಂಗನ ಗ್ಲಾಸಿನ ಮ್ಯಾಲಿನ ಭಂಡಾರ. ನೋಡ್ರಿ, ಹುಳದ ರೆಕ್ಕಿನೂ ಹತ್ಯಾವ. ಎಂಟರಿಂದ ಎಂಟೂವರಿ ಒಳಗ ಯಾರೋ ಸ್ಪಿರಿಟ್ ಹಚ್ಚಿ ಗ್ಲಾಸು ಒರಸ್ಯಾರ."

"ಒರಸಿದ್ರ ಗ್ಲಾಸು ಒಡಿತೈತೇನು?" ಮಾಲೀಕರು ಕೇಳಿದರು.

"ಇದು ಗಾಜಲ್ಲರಿ, ಅಕ್ರಿಲಿಕ್, ಗಾಜಿನಂಗ ಕಾಣೂ ಪ್ಲಾಸ್ಟಿಕ್" ಎಂದ ನಿಯಾಜ. "ಪೆಟ್ರೋಲ್ ಮುಟ್ಟಿಸಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿದ್ದೆ. ಸ್ಪಿರಿಟ್ ಯಾರಿಗಿ ಹೊಳಿಬೇಕು?"

ಅವನು ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಲ್ಲಿನಂತೆ ಬಗ್ಗಿಸಿ ಹಿಡಿದ. ಅದು ಬಾಗಿತು, ಒಡೆಯಲಿಲ್ಲ. ಜೈತುನಬಿ ಸ್ಪಿರಿಟ್ ಹತ್ತಿಯಿಂದ ಅದರ ಬೆನ್ನು ಒರೆಸಿದಳು. ಎಲ್ಲರೂ ಕಾದರು. ಮೊದಲು ಕೂದಲೆಳೆಯಂಥ ಗೆರೆಗಳು ಮೂಡಿದವು. ಆಮೇಲೆ—ಚಟ್. ಪಟ್ಟಿ ಎರಡು ತುಂಡಾಗಿ ನಿಯಾಜನ ಎರಡು ಕೈಯಲ್ಲಿ ಉಳಿಯಿತು.

"ಬೋಲ್ಟು ಬಿಗಿದಲ್ಲೂ ಹಿಂಗ ಎಳತ ಇರತೈತಿ" ಎಂದಳು ಜೈತುನಬಿ. "ಹೋದ ವರ್ಷ ಇದೇ ಅಕ್ರಿಲಿಕ್ಕಿನ ನಮ್ಮ ಸ್ಟ್ಯಾಂಡೂ ಹಿಂಗ ಸೀಳಿತ್ತು. ಅದನ್ನೂ ಸ್ಪಿರಿಟಿನಿಂದ ಒರಸಿದ್ವಿ. ಹನಮವ್ವ ಕೆಡವಿಲ್ಲ. ಅದನ್ನೂ ಬರಕೋರಿ."

ಹನಮವ್ವ ಸೆರಗು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಒರಸಿದಾವ ಯಾರು?" ಎಂದರು ಮಾಲೀಕರು.

"ಭಂಡಾರ ಸ್ಪಿರಿಟಿನ್ಯಾಗ ಕರಗಿದ್ರ ಕೈಗಿ, ಅಂಗಿಗಿ ಹತ್ತತೈತಿ. ಹತ್ತಿದಾವ ಗಡಬಡಿಸಿ ಸಾಬೂನು ಹಚ್ಚತಾನ. ಸಾಬೂನು ಹಚ್ಚಿದ್ರ ಹಳದಿ ಏನಾಗತೈತಿ, ಈಗ ನೋಡೀರಿ." ಅವಳು ತಿರುಗಿದಳು. "ಚೇತನಕುಮಾರ ಸರ್, ಯಾವ ಗುಡ್ಯಾಗ್ರಿ ಹಣಿ ಬಿಟ್ಟು ತೋಳಿಗಿ ಕುಂಕುಮಾ ಹಚ್ಚೂದು?"

ಚೇತನಕುಮಾರ ತೋಳು ಹಿಂದೆ ಒಯ್ದ.

"ಫೋಟೋ ತಗೀಬೇಕಾಗಿತ್ತು" ಎಂದ ಕೊನೆಗೆ. "ನೀವು ಬರೂದಕ್ಕಿಂತ ಮದಲ, ಚಂದ ಕಾಣ್ಲಿ ಅಂತ. ಹುಳಾ, ಅರಿಷಿಣಾ, ಎಲ್ಲಾ ಹೊಲಸ ಇತ್ತು. ಒರಸಿದೆ. ಫೋನ್ ತರಾಕ ಒಳಗ ಹೋಗಿ ಬರೂದರಾಗ ಸೀಳಿತ್ತು. ನಾ ಏನು ಬೇಕಂತ ಮಾಡಿಲ್ಲ."

"ಒರಸಿದ್ದು ಬೇಕಂತ ಅಲ್ಲ. ಒಪ್ಪೇನಿ" ಎಂದಳು ಜೈತುನಬಿ. "ಈ ಕಾಗದಾ?"

ಸವಾರ ಬಿದ್ದಿದ್ದಾನೆ, ಮಾಲು ಕಚ್ಚಾ—ಆ ಕಾಗದ ಮೇಜಿನ ಮೇಲಿತ್ತು. ಅದು ಹೋಗಿದ್ದರೆ ಒಬ್ಬನ ಕಣ್ಣು, ಒಬ್ಬನ ಕಿವಿ, ನಾಲ್ವರ ಗ್ಲಾಸು ಅದರೊಂದಿಗೇ ಹೋಗುತ್ತಿದ್ದವು.

ಮಾಲೀಕರು ಕೆಮ್ಮಿದರು. "ಅಲ್ಲ, ಆದರೂ... ಈ ಮಾಲು ಗಟ್ಟಿ ಐತೇನು ಅಂತ?"

"ಐದು ವಾರ ಗಾಳಿಗಿ ಒಡದಿಲ್ರಿ" ಎಂದ ನಿಯಾಜ. "ಹತ್ತು ನಿಮಿಷದಾಗ ನಿಮ್ಮ ಆಫೀಸಿಗಿ ಒಡೀತು."

ಮಾಲೀಕರು ಕಾಗದ ಹರಿದರು. ನಾಲ್ಕು ಗಾಡಿಗೂ ಇದೇ ಗ್ಲಾಸು ಎಂದು ಬಾಯಲ್ಲಿ ಹೇಳಿದರು. ಜೈತುನಬಿ ಪೆನ್ನು ಕೊಟ್ಟಳು, ಬರೆದರು.

ಹನ್ನೆರಡರ ಡಬ್ಬಿ ಹೊರಡಬೇಕಿತ್ತು. ಸೋಮನಿಂಗ ಗ್ಲಾಸಿಲ್ಲದ ಗಾಡಿಯ ಮುಂದೆ ನಿಂತು ಕಣ್ಣೊರೆಸಿಕೊಂಡ.

"ನೀ ಕುಂದ್ರು" ಎಂದಳು ಜೈತುನಬಿ. "ಸರ್ ಒಯ್ತಾರ. ಕಂಪನಿ ಹೆಲ್ಮೆಟ್ ಐತಲ್ಲ."

ಚೇತನಕುಮಾರ ಮಾಲೀಕರ ಮುಖ ನೋಡಿದ. ಮಾಲೀಕರು ತಮ್ಮ ಕಾರಿನ ಕಡೆ ನಡೆದುಬಿಟ್ಟರು.

ಸಂಜೆ ಐದಕ್ಕೆ ಚೇತನಕುಮಾರ ಬೈಕಿನ ಮೇಲೆ ತಿರುಗಿ ಬಂದ. ಹೆಲ್ಮೆಟ್ಟಿನಡಿ ಕೂದಲು ಬೆವರಿಗೆ ಮುದ್ದೆಯಾಗಿತ್ತು. ಎರಡೂ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹುಬ್ಬಿಗೆ ಒಂದು ಹುಳ ಅಂಟಿ ಒಣಗಿತ್ತು.

"ಜೈತುನಬಿ... ಕಣ್ಣು ಉರಿಯಾಕತ್ತಾವ. ಏನರೆ ಹಚ್ಚಾಕ ಐತೇನು?"

ಅವಳು ತಲೆಯೆತ್ತದೆ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು.

"ನೀರಿಲೆ ತೊಳಕೋರಿ ಸರ್. ಸ್ಪಿರಿಟ್ ಮುಟ್ಟಬ್ಯಾಡ್ರಿ."